ಎರಡು ಎಳೆತ ಅಂದರೆ ಕ್ಷೇಮ

ಎಮರಾಲ್ಡ್, ನೀಲಗಿರಿ
18-11-1999

ಪ್ರೀತಿಯ ಅಳಿಯ ಜಗದೀಶನಿಗೆ,

ನಿನ್ನ ಸೋದರಮಾವ ಶಿವಲಿಂಗಯ್ಯ ತಲೆಯ ಮೇಲೆ ಕೈಯಿಟ್ಟು ಹರಸುವುದು. ಹೇಗಿದ್ದೀಯಪ್ಪ? ಹಿಮಾಚಲದ ಚಳಿಯ ಮುಂದೆ ನಮ್ಮ ಚಳಿ ಕೂಸು ಎಂದು ಮೊದಲ ಕಾಗದದಲ್ಲಿ ನೀನು ಬರೆದಿದ್ದೆ. ಕೆಮ್ಮು ಹೋಯಿತೋ? ಸುರಂಗ ಕೊರೆಯುವ ಕೆಲಸ ಮುಗಿಸಿ ಹೊರಗೆ ಬಂದ ಮೇಲೆ ಬಿಸಿನೀರಲ್ಲಿ ಮುಖ ತೊಳೆಯುತ್ತೀಯೋ, ಇಲ್ಲ ಆ ಧೂಳಿನಲ್ಲೇ ಕಂಬಳಿ ಹೊದ್ದು ಬೀಳುತ್ತೀಯೋ? ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಎಸ್‌ಟಿಡಿ ಬೂತಿನಿಂದ ನೀನು ಕೊಟ್ಟ ನಂಬರಿಗೆ ಮಾಡಿದರೆ ಯಾರೋ ಹಿಂದಿಯಲ್ಲಿ ಏನೋ ಹೇಳಿದ. ನಾನು ಬಿಡುತ್ತೇನೆಯೇ? ನನಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಹೆದರಿ ಫೋನ್ ಇಟ್ಟುಬಿಟ್ಟ. ಬೂತಿನ ರಾಜೇಂದ್ರನ್, "ಅಯ್ಯಾ, ನೀವು ಮಾತಾಡಿದ್ದು ಹಿಂದಿನಾ, ಇಲ್ಲ ಅವನನ್ನ ಬೈದದ್ದಾ?" ಎಂದು ಕೇಳಿದ. ಎಂಟನೇ ಕ್ಲಾಸು ಓದಿದವನ ಬೆಲೆ ಅವನಿಗೇನು ಗೊತ್ತು.

ನಿನ್ನ ಹೆಂಡತಿ ಪ್ರೇಮಲತಾ ಚೆನ್ನಾಗಿದ್ದಾಳೆ. ಜ್ವರದಲ್ಲಿ ಎರಡು ಕಣ್ಣೂ ಹೋದವಳು ಹೀಗೆ ಓಡಾಡುತ್ತಾಳೆಂದು ನೀನು ಹೊರಟ ದಿನ ಯಾರು ನಂಬುತ್ತಿದ್ದರು! ಊಟಿಯ ಸಂಸ್ಥೆಯಿಂದ ವಸಂತಾಮಣಿ ಪ್ರತಿ ಮಂಗಳವಾರ ತಪ್ಪದೆ ಬಸ್ಸಿಳಿದು ಬರುತ್ತಾಳೆ. ಕಣ್ಣಿಲ್ಲದವರಿಗೆ, ಕೈಕಾಲು ಬಾರದವರಿಗೆ ಮನೆಗೇ ಬಂದು ಕೆಲಸ ಕಲಿಸುವುದು ಅವಳ ಉದ್ಯೋಗವಲ್ಲವೇ? ಲೋಟದ ಅಂಚಿಗೆ ಬೆರಳಿಟ್ಟು ಕಾಫಿ ಬಗ್ಗಿಸುವುದು, ಸದ್ದು ಕೇಳಿಯೇ ಹಾಲು ಉಕ್ಕುವ ಮೊದಲು ಒಲೆ ತಗ್ಗಿಸುವುದು, ಬಿಳಿ ಕೋಲು ಹಿಡಿದು ರಸ್ತೆಯವರೆಗೆ ಹೋಗಿಬರುವುದು, ಎಲ್ಲ ಕಲಿಸಿದ್ದಾಳೆ. ಪರೀಕ್ಷೆ ಮಾಡೋಣವೆಂದು ನಾನು ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಅದಲುಬದಲು ಮಾಡಿಟ್ಟೆ. ಪ್ರೇಮಾ ವಸಂತಾಮಣಿಗೆ ಸಕ್ಕರೆ ಕಾಫಿ, ನನಗೊಬ್ಬನಿಗೆ ಉಪ್ಪಿನ ಕಾಫಿ ಕೊಟ್ಟು, "ಕುಡೀರಿ ಮಾವ, ನಿಮ್ಮ ಕೈಯಿಂದ್ಲೇ ಆದ ರುಚಿ" ಅಂದಳು. ವಸಂತಾಮಣಿ ನಕ್ಕು, "ಈ ಮನೇಲಿ ಟ್ರೈನಿಂಗ್ ಬೇಕಾಗಿರೋದು ಅಯ್ಯಾನಿಗೆ" ಎಂದಳು. ಇಷ್ಟೆಲ್ಲ ಸುಧಾರಣೆಗೆ ಕಾರಣ ನಾನೇ ಎಂದು ಅವಳ ವರದಿ ಪುಸ್ತಕದಲ್ಲಿ ಬರೆಸಿದ್ದೇನೆ. ಅದು ಒಂದು ಲೆಕ್ಕದಲ್ಲಿ ನಿಜವೂ ಹೌದು. ಹೇಗೆಂದು ಹೇಳುತ್ತೇನೆ, ಬೈಯಬೇಡ.

ನೀನು ಹೊರಡುವ ಹಿಂದಿನ ದಿನ ಅಡುಗೆಮನೆ ಬಾಗಿಲಿಂದ ಕಕ್ಕಸು ದಾಟಿ ನಲ್ಲಿ ಕಂಬದವರೆಗೆ ಅವಳು ಹಿಡಿದು ನಡೆಯಲೆಂದು ಹಗ್ಗ ಕಟ್ಟಿದೆಯಲ್ಲ, ಅದು ಇನ್ನೂ ಹಾಗೇ ಇದೆ. ಅಂಗಡಿಯಲ್ಲಿ ನಾನೇ ಅಳೆದು ತಂದದ್ದು, ಹದಿನೈದು ಮಾರು. ಮೆಟ್ಟಿಲಿರುವಲ್ಲಿ ಒಂದು ಗಂಟು, ತಿರುವಿನಲ್ಲಿ ಎರಡು ಗಂಟು. ಕಟ್ಟಿದ ಮೇಲೆ ತುದಿಯನ್ನು ಅವಳ ಕೈಗೆ ಕೊಟ್ಟು ನೀನು ನಗುತ್ತಾ ಹೇಳಿದ್ದು ನನಗೆ ನೆನಪಿದೆ. "ಸುರಂಗದ ಬಾವಿಗೆ ಇಳಿದಾಗ ನಾವು ಹಿಂಗೇ ಮಾತಾಡದು ಕಣೇ. ಎರಡು ಸಲ ಎಳೆದ್ರೆ ನಾನು ಕ್ಷೇಮವಾಗಿವ್ನಿ ಅಂತ. ಮೂರು ಸಲ ಎಳೆದ್ರೆ ನನ್ನ ಮೇಲಕ್ಕೆ ಎಳ್ಕೊಳಿ ಅಂತ." ನಿನ್ನ ಕಾಗದ ನಿಂತ ಮೇಲೆ ಅವಳು ಊಟ ಬಿಟ್ಟಳು. ಮಧ್ಯಾಹ್ನ ಮೂರಕ್ಕೆ ಅಣೆಕಟ್ಟಿನ ಕಡೆಯಿಂದ ಮಂಜು ಏರಿ ಬಂದಾಗ ಬಾಗಿಲಲ್ಲಿ ಹಗ್ಗ ಹಿಡಿದು ಸುಮ್ಮನೆ ನಿಲ್ಲುವಳು. ವಸಂತಾಮಣಿ ಕಲಿಸಲು ಬಂದರೆ ಕೈಯನ್ನೇ ಕೊಡಳು. ಒಂದು ದಿನ ನಾನು ನಲ್ಲಿಯ ಹತ್ತಿರ ಕ್ಯಾರೆಟ್ ತೊಳೆಯುತ್ತಿದ್ದೆ. ಮಂಜಿನಲ್ಲಿ ಮನೆಯೇ ಕಾಣುತ್ತಿರಲಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಹಗ್ಗ ಹಿಡಿದು ಎರಡು ಸಲ ಎಳೆದೆ. ಆ ಕಡೆಯಿಂದ, "ಬಂದ್ರಾ?" ಎಂದಳು. ನಕ್ಕು ಮಂಜಿನಿಂದ ಹೊರಗೆ ಬರಬೇಕೆಂದಿದ್ದವನು ಆ ದನಿ ಕೇಳಿ ಕಂಬದ ಹಿಂದೆ ಕುಕ್ಕರಿಸಿದೆ. ಅವತ್ತು ಅವಳು ಎರಡು ಮುದ್ದೆ ತಿಂದಳು ಜಗದೀಶ. ಮಾರನೆಯ ದಿನವೂ ಎಳೆದೆ. ಆಮೇಲೆ ದಿನವೂ.

ಹೋದ ವಾರ ನನ್ನ ಕಾಲು ಉಳುಕಿ ಒಳಗೆ ಮಲಗಿದ್ದೆ. ಮಂಜು ಬಂತು. ಬಾಗಿಲಲ್ಲಿ ಪ್ರೇಮಾ, "ಬಂದ್ರಾ?" ಎಂದಳು. ಎದ್ದು ಕುಂಟಿಕೊಂಡು ಹೋಗಿ ನೋಡುತ್ತೇನೆ, ಹಗ್ಗ ಇನ್ನೂ ನಡುಗುತ್ತಿದೆ. ನನ್ನಂಥ ತುಂಟ ಊರಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ಸಿಟ್ಟು ಬಂದು ನಾನೂ ಹಿಡಿದು ಎಳೆದೆ. ಗುಂಡ್ಲುಪೇಟೆ ಶಾಲೆಯ ಹಗ್ಗಜಗ್ಗಾಟದಲ್ಲಿ ಕಟ್ಟಕಡೆಗೆ ನಿಲ್ಲುತ್ತಿದ್ದವನು ನಾನು, ನನ್ನನ್ನು ಅಲುಗಿಸಿದವರಿಲ್ಲ. ಆ ಕೈ ನನ್ನನ್ನು ಎರಡು ಮೆಟ್ಟಿಲು ಕೆಳಗಿಳಿಸಿತು. ನೆಟ್ಟಗೆ ನಲ್ಲಿಯವರೆಗೆ ಹೋದೆ. ಯಾರೂ ಇಲ್ಲ. ಕೆಸರಿನಲ್ಲಿ ಹೆಜ್ಜೆಯೂ ಇಲ್ಲ. ಹಗ್ಗವೆಲ್ಲ ಮಂಜಿಗೆ ಒದ್ದೆ, ತುದಿಯ ಒಂದು ಗೇಣು ಮಾತ್ರ ಒಣಗಿತ್ತು. ಹಿಡಿದ ಕೈಗೆ ಬೂದು ಬಣ್ಣದ ಕಲ್ಲುಹುಡಿ ಮೆತ್ತಿಕೊಂಡಿತು. ಇಲ್ಲಿ ಸುರಂಗ ಕೊರೆಯುತ್ತಿದ್ದಾಗ ನಿನ್ನ ಅಂಗಿ ಕೊಡವಿದರೆ ಉದುರುತ್ತಿತ್ತಲ್ಲ, ಅಂಥದ್ದು. ನಮ್ಮ ಕೆಂಪು ಮಣ್ಣಿನಲ್ಲಿ ಅದು ಎಲ್ಲಿಂದ ಬಂತು?

ಇನ್ನು ಕೋಲೊಂದೇ ಸಾಕು, ಹಗ್ಗ ಬಿಚ್ಚೋಣ ಎಂದು ಮೊನ್ನೆ ಮಂಗಳವಾರ ವಸಂತಾಮಣಿ ಹೇಳಿದಳು. ಪ್ರೇಮಾ, "ಬಿಚ್ಚುದ್ರೆ ಅವರು ಏನ ಹಿಡ್ಕತಾರೆ ಅಕ್ಕಾ?" ಎಂದಳು. ವಸಂತಾಮಣಿ ನನ್ನ ಮುಖ ನೋಡಿದಳು. ಎಂದೂ ಬಾಯಿ ಮುಚ್ಚದ ನಾನು ಕ್ಯಾರೆಟ್ ಮೂಟೆ ಹೊಲಿಯಲು ಹೋದೆ.

ಅದೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನಿರುವವರೆಗೆ ಈ ಮನೆಗೆ ಭಯವಿಲ್ಲ. ಹೊತ್ತುಹೊತ್ತಿಗೆ ಉಣ್ಣು, ಕಿವಿಗೆ ಮಫ್ಲರ್ ಸುತ್ತಿಕೋ. ನಮ್ಮ ನಂಜುಂಡೇಶ್ವರ ಅಷ್ಟು ದೂರದಲ್ಲೂ ನಿನ್ನ ಬೆನ್ನಿಗಿರಲಿ.

ನಿನ್ನ ಮಾವ,
ಶಿವಲಿಂಗಯ್ಯ

ವಿ.ಸೂ.: ಲಕೋಟೆ ಅಂಟಿಸುವ ಹೊತ್ತಿಗೆ ಮಂಜು ಬಂತು. ಹಗ್ಗ ಎಳೆಯಿತು. ಇವತ್ತು ಎರಡಲ್ಲ, ಮೂರು ಸಲ. ನಾನೂ ನೋಡಿದೆ. ಪ್ರೇಮಾ ಒಂದು ಮಾತೂ ಆಡದೆ ಬಾಗಿಲ ಮೊಳೆಯಿಂದ ಹಗ್ಗ ಬಿಚ್ಚಿ ಎಳೆದುಕೊಳ್ಳುತ್ತಿದ್ದಾಳೆ. ಗಂಟುಗಳೆಲ್ಲ ಆಗಲೇ ಒಳಗೆ ಬಂದುಬಿಟ್ಟವು. ನಾನು ತಂದದ್ದು ಹದಿನೈದೇ ಮಾರು, ಅವಳ ಕಾಲ ಬಳಿ ಮೂವತ್ತು ಮಾರಿಗಿಂತ ಹೆಚ್ಚು ಬಿದ್ದಿದೆ, ಬೂದು ಹುಡಿ ಮೆತ್ತಿಕೊಂಡು ಇನ್ನೂ ಬರುತ್ತಲೇ ಇದೆ. "ಮಾವ, ಭಾರ ಅದೆ, ಒಂದು ಕೈ ಕೊಡಿ" ಎಂದು ಕೂಗುತ್ತಿದ್ದಾಳೆ. ಹೋಗುತ್ತೇನೆ. ಆ ತುದಿಯಲ್ಲಿರುವುದು ನೀನಲ್ಲದಿದ್ದರೆ ಕಾಗದ ಕಂಡ ಕೂಡಲೇ ಎರಡು ಸಾಲು ಬರೆ. ನೀನೇ ಆಗಿದ್ದರೆ ಕೈ ಬಿಡಬೇಡಪ್ಪ, ಎಳೆಯುತ್ತಿದ್ದೇವೆ.