ದೀಪ ಹಚ್ಚಿ ಸುಮ್ಮನೆ ಕೂತ ಆರೋಗ್ಯಾಧಿಕಾರಿಗಳಿಗೆ

ತಾಲ್ಲೂಕು ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ಕುಂಭ ಮಾಸದ ಎರಡನೇ ಭಾನುವಾರ ತಾವು ನಮ್ಮ ಪುಂಜಕ್ಕರೆಗೆ ದೋಣಿಯಲ್ಲಿ ಬಂದು, ವಾಚನಾಲಯದಲ್ಲಿ ಐದು ಬತ್ತಿಯ ದೀಪ ಹಚ್ಚಿ, 'ಔಷಧಿಯಿಲ್ಲದ ಬದುಕು' ಎಂಬ ಶಿಬಿರವನ್ನು ಉದ್ಘಾಟಿಸಿದಿರಿ. ಅದೇ ಶಿಬಿರದಲ್ಲಿ ನನ್ನ ತಮ್ಮ ಸುಗತನ್ ತನ್ನ ಇನ್ಸುಲಿನ್ ಸೀಸೆಯನ್ನು ಎಲ್ಲರೆದುರು ಬುಟ್ಟಿಗೆ ಹಾಕಿದ. ಈಗ ತುಲಾ ಮಾಸ, ಎಂಟು ತಿಂಗಳಾಯಿತು. ಅವನಿಗೆ ಬಲಗಾಲಿನ ಪಾದವಿಲ್ಲ. ಈ ಎರಡಕ್ಕೂ ಸಂಬಂಧವಿಲ್ಲವೆಂದು ತಮ್ಮ ಕಚೇರಿ ನನಗೆ ಎರಡು ಸಾಲಿನ ಉತ್ತರ ಕಳಿಸಿದೆ: 'ಸದರಿ ಕಾರ್ಯಕ್ರಮವು ಖಾಸಗಿಯಾಗಿದ್ದು, ಅಧಿಕಾರಿಗಳು ಅತಿಥಿಯಾಗಿ ಮಾತ್ರ ಭಾಗವಹಿಸಿದ್ದರು.' ಅತಿಥಿ ಎಂಬ ಒಂದು ಪದಕ್ಕೆ ಇಷ್ಟು ರಕ್ಷಣಾಶಕ್ತಿ ಇದೆಯೆಂದು ನನಗೆ ತಿಳಿದಿರಲಿಲ್ಲ. ತಾವು ಹಾಕಿಸುವ ಯಾವ ಲಸಿಕೆಗೂ ಇಷ್ಟಿರಲಾರದು.

ಶಿಬಿರ ನಡೆಸಿದ ಆ ಪ್ರಕೃತಿ ಚಿಕಿತ್ಸೆಯ ಆಚಾರ್ಯನ ಮೇಲೆ ದೂರು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅವನ ಕಸುಬು ಅವನು ಮಾಡಿದ. ಹಾಗಲಕಾಯಿ ಕಹಿ, ಸಕ್ಕರೆ ಸಿಹಿ, ಆದ್ದರಿಂದ ಇದು ಅದನ್ನು ಕೊಲ್ಲುತ್ತದೆ ಎಂದ. ಮೂರನೇ ತರಗತಿಯ ಮಗುವೂ ತಲೆದೂಗುವಂಥ ತರ್ಕ. ಸೊಪ್ಪಿನ ರಸದಿಂದ ಯಾರೂ ಸತ್ತಿಲ್ಲ, ಇಂಗ್ಲಿಷ್ ಮಾತ್ರೆಯಿಂದ ಕಿಡ್ನಿ ಹೋಗದವರು ಯಾರೂ ಇಲ್ಲ ಎಂದ. ನಮ್ಮ ಊರಿನವರು ಇದನ್ನೆಲ್ಲ ಅವನು ಬರುವ ಮೊದಲೇ ನಂಬಿದ್ದರು. ಸೂಜಿ ಶುರುವಾದರೆ ಮನುಷ್ಯನ ಕಥೆ ಮುಗಿಯಿತು ಎಂಬುದು ಇಲ್ಲಿನ ಪ್ರತಿ ಮನೆಯ ಶಾಸ್ತ್ರ. ಆಚಾರ್ಯ ಅದಕ್ಕೊಂದು ಮೈಕು ಕೊಟ್ಟ, ಅಷ್ಟೆ. ತಾವು ಏನು ಕೊಟ್ಟಿರಿ ಎಂಬುದೇ ನನ್ನ ಪ್ರಶ್ನೆ.

ಸುಗತನ್‌ಗೆ ನಲವತ್ತೆಂಟು ವರ್ಷ. ತೆಂಗಿನ ಮರದಿಂದ ಕಳ್ಳು ಇಳಿಸುವುದು ಅವನ ಕೆಲಸ. ಬೆಳಿಗ್ಗೆ ಹನ್ನೊಂದು ಮರ, ಸಂಜೆ ಮತ್ತೆ ಅದೇ ಹನ್ನೊಂದು. ಹೊಂಬಾಳೆಯನ್ನು ಅವನು ಬಡಿದು ಹದ ಮಾಡುವ ಸದ್ದು ಕೇಳಿಯೇ ನಮ್ಮ ದಡದಲ್ಲಿ ಹೆಂಗಸರು ಒಲೆ ಹಚ್ಚುತ್ತಿದ್ದರು. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಎಂದರು. ಮೊದಲು ಮಾತ್ರೆ, ಆಮೇಲೆ ಸೂಜಿ. ತಮ್ಮ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಾಲಿನಲ್ಲಿ ನಿಂತರೆ ಎರಡು ನಿಮಿಷ ಸಿಗುತ್ತಿತ್ತು, ಅದರಲ್ಲಿ ಒಂದು ನಿಮಿಷ ಬೈಗುಳ. ಅನ್ನ ಬಿಡು ಎಂದರು. ಮರಗೆಣಸೂ ಬಿಡು ಎಂದರು. ಹಾಗಾದರೆ ಮರ ಹತ್ತುವವನು ಏನು ತಿನ್ನಬೇಕು ಎಂದು ಅವನು ಕೇಳಿದಾಗ, ಮುಂದಿನವರನ್ನು ಕರೆದರು. ದಿನಾ ಅಂಗಾಲು ನೋಡಿಕೋ, ನಿನಗೆ ಅಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ ಎಂದು ಮೂರು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ಆಚಾರ್ಯನಾದರೋ ಅವನ ಕೈ ಹಿಡಿದು ಅರ್ಧ ಗಂಟೆ ಮಾತಾಡಿಸಿದ. ಜನ ಔಷಧಿಗೆ ಹೆದರಿ ಓಡುತ್ತಾರೆಂದು ತಾವು ಭಾಷಣದಲ್ಲಿ ಹೇಳುತ್ತೀರಿ. ನನಗೇಕೋ ಅವರು ತಮ್ಮಂಥ ವೈದ್ಯರ ಮುಖಕ್ಕೆ ಹೆದರಿ ಓಡುತ್ತಾರೆಂದೇ ಅನುಮಾನ.

ಆದರೂ ಸುಗತನ್ ಕಣ್ಣು ಮುಚ್ಚಿ ಬಾವಿಗೆ ಬಿದ್ದವನಲ್ಲ. ಮದ್ದುಗಳನ್ನೆಲ್ಲ ತಂದು ಬುಟ್ಟಿಗೆ ಹಾಕಿ ಎಂದು ಆಚಾರ್ಯ ಕರೆದಾಗ, ಅವನು ಸೀಸೆಯನ್ನು ಅಂಗಿಯ ಜೇಬಿನಲ್ಲೇ ಹಿಡಿದು ಅಕ್ಕನಾದ ನನ್ನ ಹತ್ತಿರ ಬಂದ. ನಾನು ಪುಸ್ತಕದ ಕಪಾಟಿನ ಪಕ್ಕ ನಿಂತಿದ್ದೆ. ವೇದಿಕೆಯ ಕಡೆ ಗದ್ದ ಎತ್ತಿ ತೋರಿಸಿ ಕೇಳಿದ:

"ಚೇಚಿ, ದೊಡ್ಡ ಡಾಕ್ಟ್ರೇ ಅಲ್ಲಿ ಕೂತಿದ್ದಾರಲ್ಲ. ಇದು ತಪ್ಪಾಗಿದ್ರೆ ಅವ್ರು ಎದ್ದು ಹೇಳ್ತಿರಲಿಲ್ವಾ?"

ಹೇಳ್ತಿದ್ರು ಕಣೋ ಎಂದೆ ನಾನು. ತಾವು ಆಗ ಕೊರಳಲ್ಲಿ ಹಾರ ಹಾಕಿಕೊಂಡು ಮುಗುಳ್ನಗುತ್ತಿದ್ದಿರಿ. ಅವನು ಹೋಗಿ ಸೀಸೆ ಹಾಕಿದ. ಜನ ಚಪ್ಪಾಳೆ ತಟ್ಟಿದರು. ತಾವೂ ತಟ್ಟಿದಿರಿ.

ಇನ್ನು ಮುಂದಿನದನ್ನು ಬರೆಯಲು ನನಗೆ ಎಂಟು ತಿಂಗಳು ಬೇಕಾಯಿತು. ಒಬ್ಬರ ಕಾಯಿಲೆಯನ್ನು ಬೀದಿಗೆ ತರುವುದು ಮರ್ಯಾದೆಯಲ್ಲ, ಬಲ್ಲೆ. ಆದರೆ ನನ್ನ ತಮ್ಮನ ಕಾಲು ಬೀದಿಯಲ್ಲೇ ಇದೆ. ತಾವೂ ಸ್ವಲ್ಪ ಹೊತ್ತು ಅಲ್ಲಿ ನಿಲ್ಲಬಹುದು. ಕಾರ್ಯಕ್ರಮ ಮುಗಿದ ಮೇಲೆ ತಾವು ಕಪಾಟುಗಳ ಹಿಂದಿನ ನನ್ನ ಕೋಣೆಗೆ ಬಂದು ಬಿಸಿನೀರು ಕೇಳಿದಿರಿ. ಊಟಕ್ಕೆ ಮುಂಚೆ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ಎರಡು ನುಂಗಿದಿರಿ. ಆ ಪಟ್ಟಿಯ ಬಣ್ಣ, ಅದರ ಮೇಲಿನ ಹೆಸರು ನನಗೆ ಚೆನ್ನಾಗಿ ಗೊತ್ತು. ಸೂಜಿಗೆ ಮೊದಲು ಎರಡು ವರ್ಷ ನನ್ನ ತಮ್ಮ ನುಂಗಿದ್ದು ಅದನ್ನೇ. ತಡೆಯಲಾರದೆ, ಸಾರ್, ಇದು ಸಕ್ಕರೆದಲ್ವಾ ಎಂದು ಕೇಳಿಯೇಬಿಟ್ಟೆ. ತಾವು ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ.

"ನಂದು ಬೇರೆ ವಿಷಯ, ಅಮ್ಮಾ. ಇಷ್ಟು ಜನ ಆಸೆಯಿಂದ ಬಂದಿದ್ದಾರೆ. ಅವರ ನಂಬಿಕೆ ನಾವ್ಯಾಕೆ ಕೆಡಿಸ್ಬೇಕು?"

ಹೀಗೆಂದು ಲೋಟ ಕೆಳಗಿಟ್ಟು ಮೀನುಸಾರಿನ ಊಟಕ್ಕೆ ಹೋದಿರಿ. ನಾನು ಲೋಟ ತೊಳೆದಿಟ್ಟೆ. ಹೊರಗೆ ಸುಗತನ್ ಇನ್ನೂ ನಿಂತಿದ್ದ. ಬುಟ್ಟಿಯೂ ಅಲ್ಲೇ ಇತ್ತು. ಒಂದು ಮಾತು ಹೇಳಬಹುದಿತ್ತು. ಆ ಶಿಬಿರಕ್ಕೆ ಜಾಗ ಕೊಟ್ಟವಳು ನಾನು, ಕರಪತ್ರ ಬರೆದವಳು ನಾನು. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ವಾಚನಾಲಯದಲ್ಲಿ ಕುರ್ಚಿ ಸಾಲದೆ ಜನ ನಿಂತಿದ್ದರು. ಆ ಸಂತೋಷದಲ್ಲಿ ನಾಲಿಗೆ ಒಳಗೇ ಉಳಿಯಿತು.

ಮೊದಲ ತಿಂಗಳು ಸುಗತನ್ ಹಗುರವಾಗಿದ್ದ. ಮೈಯಲ್ಲಿ ಹೊಸ ರಕ್ತ ಹರಿದಂತಿದೆ ಎಂದು ದೋಣಿಕಟ್ಟೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಆಮೇಲೆ ಬಾಯಾರಿಕೆ ಶುರುವಾಯಿತು. ಆಚಾರ್ಯನಿಗೆ ಫೋನ್ ಮಾಡಿದರೆ, ಹಳೆಯ ಮದ್ದಿನ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ ಎಂದ. ಮೈ ಇಳಿದರೂ ಒಳ್ಳೆಯ ಲಕ್ಷಣ, ಕಣ್ಣು ಮಂಜಾದರೂ ಒಳ್ಳೆಯ ಲಕ್ಷಣ. ಕೆಟ್ಟ ಲಕ್ಷಣವೇ ಇಲ್ಲದ ವೈದ್ಯಶಾಸ್ತ್ರವನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಕರ್ಕಾಟಕ ಮಾಸದ ಮಳೆಯಲ್ಲಿ ಮರ ಹತ್ತುವಾಗ ಕಾಲಿಗೆ ತೊಡುವ ಹಗ್ಗದ ಕುಣಿಕೆ ಉಜ್ಜಿ ಪಾದದ ಅಂಚು ಹರಿದಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. ನೆಲದ ಮೇಲೆ ರಸಿಯ ಗುರುತು ಕಂಡು ಅವನ ಹೆಂಡತಿ ಅಂಬುಜಾಕ್ಷಿ ಕೂಗಿಕೊಂಡಾಗಲೇ ತಿಳಿದದ್ದು. ಅರಿಸಿನ, ಬೇವು ಹಚ್ಚಿದರು. ಒಂಬತ್ತನೇ ದಿನ ವಾಸನೆ ತಡೆಯಲಾರದೆ ಅಂಬುಜಾಕ್ಷಿ ಅವನ ಮಾತು ಮೀರಿ ದೋಣಿ ಕರೆಸಿದಳು.

ದೊಡ್ಡಾಸ್ಪತ್ರೆಯಲ್ಲಿ ಪಾದ ತೆಗೆದರೆ ಜೀವ, ಇಲ್ಲದಿದ್ದರೆ ಇಲ್ಲ ಎಂದರು. ಶಸ್ತ್ರಕ್ರಿಯೆ ಮಾಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಯಲಿಲ್ಲ. ಮರುದಿನ ಮಂಚದ ಅಂಚಿನಲ್ಲಿ ಕೂತು, ಇನ್ಸುಲಿನ್ ನಿಲ್ಲಿಸು ಅಂತ ಯಾರು ಹೇಳಿದ್ದು ಎಂದು ಮೆಲ್ಲಗೆ ಕೇಳಿದರು. ಸುಗತನ್ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡ.

"ಹೇಳೋರು ಎಲ್ಲಾ ಕಡೆ ಇರ್ತಾರೆ ಡಾಕ್ಟ್ರೇ," ಎಂದ. "ಬೇಡ ಅನ್ನಬೇಕಾದೋರು ಸುಮ್ಮನಿದ್ರು."

ಅದು ತಮ್ಮ ಬಗ್ಗೆ ಆಡಿದ ಮಾತು. ನನ್ನ ಬಗ್ಗೆಯೂ ಎಂದು ಅವನಿಗೆ ಆಗ ಗೊತ್ತಿರಲಿಲ್ಲ. ಅವನು ಮನೆಗೆ ಬಂದ ವಾರ ನಾನೇ ಹೋಗಿ ತಾವು ನುಂಗಿದ ಮಾತ್ರೆಯ ವಿಷಯ ಹೇಳಿದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಗಂಜಿ ಒಯ್ದಾಗ, ಬಟ್ಟಲು ತೆಗೆದುಕೊಂಡು ನನ್ನ ಮುಖ ನೋಡದೆ ಹೇಳಿದ:

"ನೀನು ಅವತ್ತೇ ಹೇಳಿದ್ರೂ ನಾನು ನಂಬ್ತಿರಲಿಲ್ಲ ಅಂತ ಅಂದ್ಬಿಡೋಣ ಅನ್ಸುತ್ತೆ ಚೇಚಿ, ನಿನ್ನ ಸಮಾಧಾನಕ್ಕೆ. ಆದ್ರೆ ನಂಬ್ತಿದ್ದೆ."

ಮಾನ್ಯರೇ, ಜನರ ನಂಬಿಕೆ ಕೆಡಿಸಬಾರದು ಎಂದಿರಿ. ಯಾವ ನಂಬಿಕೆ? ಅವನು ನಂಬಿದ್ದು ಹಾಗಲಕಾಯಿಯನ್ನಲ್ಲ. ತಮ್ಮನ್ನು. ತಾವು ಏಕೆ ಸುಮ್ಮನಿದ್ದಿರಿ ಎಂದು ನಾನು ಅನೇಕ ಬಗೆಯಲ್ಲಿ ಅನುಮಾನಿಸಿದ್ದೇನೆ. ಪಂಚಾಯಿತಿಯವರ ಮುಲಾಜೇ? ಚಪ್ಪಾಳೆಯ ರುಚಿಯೇ? ಜನ ಮಾತ್ರೆ ಬಿಟ್ಟರೆ ತಮ್ಮ ಕೇಂದ್ರದ ಸಾಲು ಚಿಕ್ಕದಾಗುವ ಅನುಕೂಲವೇ? ಇದ್ಯಾವುದೂ ಅಲ್ಲದೆ, ನಮ್ಮಂಥವರ ದೇಹಕ್ಕೆ ಒಂದು ಸತ್ಯ, ತಮ್ಮ ದೇಹಕ್ಕೆ ಇನ್ನೊಂದು ಎಂದು ತಾವು ನಿಜವಾಗಿಯೂ ತಿಳಿದಿದ್ದರೆ, ಅದಕ್ಕೆ ಯಾವ ಪಥ್ಯವೂ ಇಲ್ಲ.

ಸುಗತನ್ ಈಗ ದಿನಾ ಸಂಜೆ ಊರುಗೋಲಿನಲ್ಲಿ ವಾಚನಾಲಯಕ್ಕೆ ಬಂದು ಬಾಗಿಲ ಬಳಿ ಕೂರುತ್ತಾನೆ. ಸಕ್ಕರೆ ಇರುವವರು ಯಾರೇ ಬಂದರೂ, ಪೇಪರ್ ಆಮೇಲೆ ಓದು, ಮೊದಲು ಅಂಗಾಲು ತೋರಿಸು ಎನ್ನುತ್ತಾನೆ. ಹಿರಿಯರು ಗೊಣಗುತ್ತಾರೆ, ಆದರೂ ತೋರಿಸುತ್ತಾರೆ. ಕಳೆದ ತಿಂಗಳು ಇಬ್ಬರ ಪಾದದಲ್ಲಿ ಅವರಿಗೇ ಗೊತ್ತಿಲ್ಲದ ಗಾಯ ಕಂಡುಹಿಡಿದು ಆಸ್ಪತ್ರೆಗೆ ಕಳಿಸಿದ. ತಮ್ಮ ಇಲಾಖೆಯ ಕೆಲಸವನ್ನು ನಮ್ಮ ಊರಿನಲ್ಲಿ ಒಂದು ಪಾದದ ಮನುಷ್ಯ ನಡೆಸುತ್ತಿದ್ದಾನೆ.

ಬರುವ ಭಾನುವಾರ ಹಿನ್ನೀರಿನ ಆಚೆ ದಡದಲ್ಲಿ ಅದೇ ಆಚಾರ್ಯನ ಶಿಬಿರವಿದೆ. ಕರಪತ್ರದಲ್ಲಿ ದೀಪ ಹಚ್ಚುತ್ತಿರುವ ತಮ್ಮ ಚಿತ್ರವಿದೆ. ಅದು ನಮ್ಮ ವಾಚನಾಲಯದಲ್ಲಿ ತೆಗೆದದ್ದು. ಈ ಸಲವೂ ತಾವೇ ಉದ್ಘಾಟಕರು. ಕ್ಷಮೆ ಬೇಡ, ಪರಿಹಾರ ಬೇಡ, ತನಿಖಾ ಸಮಿತಿಯಂತೂ ಖಂಡಿತ ಬೇಡ. ಬುಟ್ಟಿ ತಂದಿಡುವ ಮೊದಲು ತಾವು ಮೈಕಿನ ಮುಂದೆ ನಿಂತು, ನಾನು ದಿನಾ ಸಕ್ಕರೆಯ ಮಾತ್ರೆ ನುಂಗುತ್ತೇನೆ, ನಿಲ್ಲಿಸುವ ಧೈರ್ಯ ನನಗಿಲ್ಲ, ನೀವೂ ನಿಲ್ಲಿಸಬೇಡಿ ಎಂದು ಹೇಳಬೇಕು. ಮೂರು ಸಣ್ಣ ಮಾತು. ಸುಗತನ್‌ನನ್ನು ದೋಣಿಯಲ್ಲಿ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ತಾವು ಹೇಳದಿದ್ದರೆ ಆ ಮೂರು ಮಾತು ನಾನು ಹೇಳುತ್ತೇನೆ, ತಮ್ಮ ಹೆಸರು ಸೇರಿಸಿ.

ಇಂತಿ,
ತಡವಾಗಿ ಬಾಯಿ ಬಂದ
ವಿಲಾಸಿನಿ
ಗ್ರಂಥಪಾಲಕಿ, ಪುಂಜಕ್ಕರೆ ವಾಚನಾಲಯ