ಮೂರು ಮಿಸ್ ಕಾಲ್‌ಗಳನ್ನು ಒಂದು ಮಾಡಿದವರಿಗೆ

ಮಾನ್ಯ ಅಧ್ಯಕ್ಷರೇ,

ಮೊಬೈಲ್ ತಯಾರಕರ ಒಕ್ಕೂಟದ ಮಾನದಂಡ ಸಮಿತಿಗೆ ನೀವು ಹಿರಿಯರು. ನಿಮ್ಮ ಸಮಿತಿ ಮಾಡಿದ ಒಂದು ನಿಯಮದಿಂದಾಗಿ, ಹೈದರಾಬಾದಿನಲ್ಲಿ ಗಾರೆ ಕೆಲಸ ಮಾಡುವ ಸೂಗಪ್ಪ ಎಂಬವನಿಗೆ ತನ್ನ ಅವ್ವನ ಮಣ್ಣಿಗೆ ಹೋಗಲಾಗಲಿಲ್ಲ. ಇದನ್ನು ಮೊದಲು ನಿಮಗೆ ಖಾಸಗಿಯಾಗಿಯೇ ಬರೆದೆ. ಸದಸ್ಯರಲ್ಲದವರ ಅಭಿಪ್ರಾಯ ಸ್ವೀಕರಿಸುವ ಪದ್ಧತಿ ಇಲ್ಲವೆಂದು ನಿಮ್ಮ ಕಚೇರಿ ಬಹಳ ಸೌಜನ್ಯದಿಂದ ತಿಳಿಸಿತು. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆ ಓದುವುದಕ್ಕೆ ಸದಸ್ಯತ್ವ ಬೇಕಿಲ್ಲ ನೋಡಿ.

ನಿಯಮ ನಿಮಗೆ ಮರೆತಿರಬಹುದು, ಅಷ್ಟು ಸಣ್ಣದು. ಒಬ್ಬರೇ ಎಷ್ಟು ಸಲ ಮಿಸ್ ಕಾಲ್ ಕೊಟ್ಟರೂ ಪರದೆಯ ಮೇಲೆ ಒಂದೇ ಸಾಲು ಕಾಣಬೇಕು, ಎಷ್ಟೆಂಬ ಅಂಕಿಯೂ ಇಲ್ಲದೆ. ಉಳಿದವು ಅದರ ಒಳಗೆ ಅಡಗಿರಬೇಕು, ಬೇಕಾದವರು ಗುಂಡಿ ಒತ್ತಿ ಒಳಗಿಳಿದು ನೋಡಿಕೊಳ್ಳಲಿ. ಪರದೆ ಶುಚಿಯಾಗಿರಲಿ ಎಂಬುದು ನೀವು ಕೊಟ್ಟ ಕಾರಣ. ಆಹಾ, ಎಂಥ ಶುಚಿ! ನಾನು ಉಡುಪಿ ಕಡೆಯವಳು, ಇಲ್ಲಿ ಹೈದರಾಬಾದಿನಲ್ಲಿ ಫೋನಿನ ಸಾಫ್ಟ್‌ವೇರ್ ಬರೆಯುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಕಂಪನಿ ನಿಮ್ಮ ಒಕ್ಕೂಟದ ಸದಸ್ಯ. ಹಾಗಾಗಿ ಈ ನಾಚಿಕೆಯಲ್ಲಿ ನನಗೂ ಪಾಲಿದೆ.

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ತಗಡಿನ ಶೆಡ್ಡಿನಲ್ಲಿ ಸೂಗಪ್ಪ, ಅವನ ಹೆಂಡತಿ ಸುಗಲಮ್ಮ ಇದ್ದಾರೆ. ಯಾದಗಿರಿ ಕಡೆಯವರು. ಹಗಲೆಲ್ಲ ಮೇಸ್ತ್ರಿಯ ಜೊತೆ ತೆಲುಗಿನಲ್ಲಿ, ಅಂಗಡಿಯವನ ಜೊತೆ ಹಿಂದಿಯಲ್ಲಿ ಏಗಿ ಬಂದ ಸುಗಲಮ್ಮ, ನಾನು ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿ, "ಅಯ್ಯ, ನೀವು ನಮ್ಮ ಮಂದಿ ಏನ್ರಿ!" ಎಂದಳು. ಪರಿಚಯ ಹಾಗೆ ಆಯಿತು.

ಇವರ ಮನೆಯಲ್ಲೂ ಒಂದು ಮಾನದಂಡ ಇತ್ತು, ಅಧ್ಯಕ್ಷರೇ. ಊರಲ್ಲಿ ಸೂಗಪ್ಪನ ಅಣ್ಣ ಮಲ್ಲು ಫೋನ್ ತಂದ ದಿನ ಎಲ್ಲರೂ ಅಂಗಳದಲ್ಲಿ ಕೂತು ಗೊತ್ತು ಮಾಡಿಕೊಂಡದ್ದು. ಒಂದು ಮಿಸ್ ಕಾಲ್ ಬಂದರೆ ಎಲ್ಲರೂ ಆರಾಮ. ಎರಡು ಬಂದರೆ ಕರೆನ್ಸಿ ಹಾಕಿಸಿಕೊಂಡು ಮಾತಾಡು. ಮೂರು ಬಂದರೆ ಉಟ್ಟ ಬಟ್ಟೆಯಲ್ಲೇ ಹೊರಟು ಬಾ. ನೋಡಿದವರು ತಿರುಗಿ ಒಂದು ಕೊಡಬೇಕು, ತಿಳಿಯಿತು ಎಂಬುದಕ್ಕೆ. ಗುಂಡಿ ಒತ್ತಲೂ ಬಾರದ ಅವ್ವನನ್ನೂ ಕೇಳಿದ್ದರಂತೆ. "ಮೂರು ಬಂದ್ರ ಉಣ್ಣಾಕ ಕುಂತಿದ್ರೂ ಏಳಬೇಕು ನೋಡಪಾ" ಎಂದಿದ್ದಳಂತೆ ಆಕೆ. ನಿಮ್ಮ ಸಭೆಗಳಲ್ಲಿ ಫೋನ್ ಮಾಡುವವರು, ಚಿಪ್ ಮಾಡುವವರು, ಟವರ್ ನಡೆಸುವವರು ಎಲ್ಲರೂ ಇರುತ್ತಾರೆ. ಫೋನ್ ಹಿಡಿದುಕೊಂಡು ಬದುಕುವವರನ್ನು ಒಮ್ಮೆಯಾದರೂ ಕರೆದಿದ್ದೀರಾ?

ಹಳೆಯ ಫೋನಿನಲ್ಲಿ ಮಿಸ್ ಕಾಲ್‌ಗಳು ಸಾಲಾಗಿ ಕಾಣುತ್ತಿದ್ದವು, ಸೂಗಪ್ಪ ಬೆರಳಿಟ್ಟು ಎಣಿಸುತ್ತಿದ್ದ. ಈ ದಸರೆಗೆ ಅಬಿಡ್ಸ್ ಪೇಟೆಗೆ ಹೋಗಿ ಕ್ಯಾಮೆರಾ ಇರುವ ಹೊಸ ಫೋನ್ ತಂದ, ಹೆಂಡತಿಯ ಫೋಟೋ ತೆಗೆದು ನನಗೂ ತೋರಿಸಿದ. ಆಮೇಲೊಂದು ದಿನ, ಅವನು ಸಾರುವೆಯ ಮೇಲೆ ಪ್ಲಾಸ್ಟರ್ ಮಾಡುತ್ತಿದ್ದಾಗ, ಕೆಳಗೆ ಅಂಗಿಯ ಜೇಬಿನಲ್ಲಿದ್ದ ಫೋನಿಗೆ ಊರಿಂದ ಮೂರು ಮಿಸ್ ಕಾಲ್ ಬಂದವು. ಅವ್ವನಿಗೆ ಮೇಲುಸಿರು ಹತ್ತಿತ್ತು. ಸಂಜೆ ಇಳಿದು ನೋಡಿದರೆ ಪರದೆಯ ಮೇಲೆ ಅಣ್ಣನ ಹೆಸರು, ಒಂದೇ ಸಾಲು. ಎಲ್ಲರೂ ಆರಾಮ! ಖುಷಿಯಾಗಿ ತಿರುಗಿ ಒಂದು ಕೊಟ್ಟ.

ಆ ಒಂದನ್ನು ಊರಲ್ಲಿ ಹೇಗೆ ಓದಿಕೊಂಡರು ಎಂದು ನಾನು ಬಿಡಿಸಿ ಹೇಳಬೇಕೇ? ತಮ್ಮನಿಗೆ ತಿಳಿಯಿತು, ಹೊರಟಿದ್ದಾನೆ. ಅವ್ವ ಹೋದ ಮೇಲೂ ಮರುದಿನ ಹೊತ್ತು ಮುಳುಗುವವರೆಗೆ ಒಂದೊಂದು ಬಸ್ಸಿಗೂ ಕಾದರಂತೆ. ಆಮೇಲೆ ಮಣ್ಣು ಮಾಡಿದರು. ಮಲ್ಲು ಒಂದೇ ಸಲ ಮಾತಾಡಿದ್ದು: "ತಿಳೀತಂತ ಹೊಡದಿಯಲ್ಲೋ, ಮತ್ತ ಯಾಕ ಬರಲಿಲ್ಲ?" ಅದಾದ ಮೇಲೆ ತಮ್ಮನ ಫೋನ್ ಎತ್ತಿಲ್ಲ.

ನಾನೊಂದು ಜಾಣತನ ಮಾಡಿದೆ. ಸೂಗಪ್ಪನ ಫೋನ್ ಇಸಿದುಕೊಂಡು, ಆ ಸಾಲಿನ ಒಳಗಿಳಿದು, ಮೂರೂ ಕರೆಗಳನ್ನು ತೆರೆದು ತೋರಿಸಿದೆ. ತಪ್ಪು ನಿನ್ನದಲ್ಲ, ಹೀಗೆ ಅಡಗಿಸಿಟ್ಟವರದ್ದು ಎಂದೆ. ಅವನು ಬೆರಳಿಟ್ಟು ಮೂರನ್ನೂ ಎಣಿಸಿದ.

"ಒಳಗ ಇದ್ದೇ ಇದ್ವಲ್ರಿ ಅಕ್ಕಾರ. ನಾನ ಒಳಗ ಹೋಗಿ ನೋಡಬೇಕಿತ್ತು. ಇಷ್ಟು ದೊಡ್ಡ ಮಂದಿ ಮಾಡಿದ್ದು ತಪ್ಪ್ಯಾಕ ಆಕ್ಕೈತ್ರಿ? ನನಗ ನೋಡಾಕ ಬರಲಿಲ್ಲ."

"ಹೋಗ್ಲಿ ಬಿಡ್ರಿ ಅಕ್ಕಾರ, ಈಗ ಊಟಾನೂ ಸರಿ ಮಾಡವಲ್ಲ" ಎಂದು ಸುಗಲಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಬೇಕಾದ ನಾವೆಲ್ಲ ಎಸಿ ರೂಮಿನಲ್ಲಿ ಹಾಯಾಗಿದ್ದೇವೆ, ಅವನು ತಲೆ ತಗ್ಗಿಸಿಕೊಂಡು ಗಾರೆ ಕಲಸುತ್ತಿದ್ದಾನೆ.

ನಮ್ಮ ಮ್ಯಾನೇಜರ್ ಸೂರ್ಯನಾರಾಯಣ ಅವರ ಮುಂದೆ ಇದನ್ನೆಲ್ಲ ಹೇಳಿದೆ. ಕೆಟ್ಟವರಲ್ಲ ಅವರು, ನಿಜಕ್ಕೂ ನೊಂದುಕೊಂಡರು. ಕೊನೆಗೆ, "ಅದಿ ಸ್ಟ್ಯಾಂಡರ್ಡ್ ಅಮ್ಮಾ, ಮನಂ ಏಂ ಚೇಸ್ತಾಂ?" ಎಂದರು. ಸ್ಟ್ಯಾಂಡರ್ಡ್ ಅಂದ ಮೇಲೆ ನಾವೇನು ಮಾಡೋಕಾಗುತ್ತೆ ಅಂತ. ನಿಮ್ಮನ್ನು ಕೇಳಿದರೆ, ಇದು ಕಡ್ಡಾಯವಲ್ಲ, ಸದಸ್ಯ ಕಂಪನಿಗಳು ಸ್ವಇಚ್ಛೆಯಿಂದ ಪಾಲಿಸುತ್ತವೆ ಎನ್ನುತ್ತೀರಿ. ಹಾಗಾದರೆ ಯಾರ ಬಾಗಿಲು ತಟ್ಟಬೇಕು ಸ್ವಾಮಿ? ಒಕ್ಕೂಟವೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಒಂದು ಕಂಪನಿಯ ಫೋನಿನಿಂದ ಇನ್ನೊಂದಕ್ಕೆ ಕರೆ ಹೋಗಬೇಕಾದರೆ ಹತ್ತು ಜನ ಕೂತು ಒಪ್ಪಲೇಬೇಕು. ಆದರೆ ಒಪ್ಪಿದವರೆಲ್ಲ ಮಾರುವವರೇ ಆದರೆ ಅದನ್ನು ಒಪ್ಪಂದ ಎನ್ನಬಹುದು, ಮಾನದಂಡ ಎಂದು ಕರೆಯಲು ನನಗಂತೂ ನಾಲಿಗೆ ಹೊರಳುವುದಿಲ್ಲ.

ನಿಯಮ ಬದಲಿಸಿ. ಅದಕ್ಕೆ ಸಭೆ, ಉಪಸಭೆ ಎಂದು ವರ್ಷ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಾನು ಹೇಳಿದರೆ ಮಲ್ಲು ನಂಬುವುದಿಲ್ಲ, ತಮ್ಮನ ಕಡೆಯವಳು ಅಂದುಕೊಳ್ಳುತ್ತಾನೆ. ನಿಮ್ಮ ಕಚೇರಿಯಿಂದ ಯಾರಾದರೂ ಅವನಿಗೆ ಫೋನ್ ಮಾಡಿ, ನಿಮ್ಮ ತಮ್ಮನಿಗೆ ನಾವು ತೋರಿಸಿದ್ದು ಒಂದೇ ಎಂದು ಹೇಳಿ. ನಂಬರನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಹೊಸ ನಂಬರ್ ಎಂದು ಅವನು ಎತ್ತದಿದ್ದರೆ ಮೂರು ಸಲ ಹೊಡೆಯಿರಿ. ಅವನ ಹತ್ತಿರ ಇನ್ನೂ ಹಳೆಯ ಫೋನೇ ಇದೆ. ಮೂರೂ ಕಾಣುತ್ತವೆ.

ಇಂತಿ, ವಿಶ್ವಾಸದಿಂದ ಎಂದು ಬರೆಯಲು ಕೈಬಾರದ,
ಶ್ರೀವಿದ್ಯಾ
(ನಿಮ್ಮ ಸದಸ್ಯ ಕಂಪನಿಯೊಂದರ ಉದ್ಯೋಗಿ, ಸೂಗಪ್ಪನ ನೆರೆಯವಳು)
ಕೂಕಟ್‌ಪಲ್ಲಿ, ಹೈದರಾಬಾದ್, ೨೦೦೭