ಚಹಾ ಜೊತೆ ನುಂಗಿದ ಗುಳಿಗೆ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೪, ಗುರುವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟನೋವು ಹೇಗಿದೆ? ನೀನು ಕೆಲಸಕ್ಕಿರುವ ಆ ಮನೆಯ ಮಗು ಈಗ ಭಾರವಾಗಿರಬೇಕು, ದಿನವಿಡೀ ಎತ್ತಿಕೊಂಡೇ ಇರುತ್ತೀಯೋ ಏನೋ. ‘ನನಗೇನೇ ಆಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ನೀನು ಹೇಳಿದಾಗಲೆಲ್ಲ ನನಗೆ ಅನುಮಾನ ಹೆಚ್ಚುತ್ತದೆ. ಭಾನುವಾರದ ಫೋನಿನಲ್ಲಿ ಏನನ್ನೂ ಕೇಳುವ ಹಾಗಿಲ್ಲ. ಮಾತು ಹದಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಆ ಮಗು ಅಳುತ್ತದೆ, ನೀನು ‘ಇಡ್ತೀನಿ ಕಂದಾ’ ಅನ್ನುತ್ತೀಯ. ಆ ಕಂದ ನಾನೋ ಅದೋ ಎಂದು ಗೊತ್ತಾಗದೆ ಫೋನು ಹಿಡಿದು ನಿಂತಿರುತ್ತೇನೆ. ಹೊಟ್ಟೆಕಿಚ್ಚು ಅಂದುಕೋ, ನನಗೆ ನಾಚಿಕೆಯಿಲ್ಲ. ನನ್ನ ಪುಟ್ಟಿಗೆ ಎಂಟು ತಿಂಗಳಾಯಿತು, ಅವಳನ್ನು ನೀನು ಒಮ್ಮೆಯೂ ಎತ್ತಿಕೊಂಡಿಲ್ಲ.

ಆ ಮನೆಯವರು ಇನ್ನೂ ಎರಡು ವರ್ಷ ಇರು ಅನ್ನುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಕಾಗದಕ್ಕೆ ಸಹಿ ಹಾಕಬೇಕು, ‘ಏನ್ ಮಾಡ್ಲಿ, ನೀನೇ ಹೇಳು’ ಎಂದು ಕೇಳಿದ್ದೆಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪುಟ್ಟಿಯ ರಕ್ತದ ವಿಷಯ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ನಿನ್ನ ನಿದ್ದೆ ಕೆಡಿಸಿದ್ದೇನೆ.

ಆರು ತಿಂಗಳು ತುಂಬುವ ಹೊತ್ತಿಗೆ ಅವಳು ಬಿಳಿಚಿಕೊಂಡಳು. ನಾನು ಮೊದಲು ಬಣ್ಣ ತಿರುಗಿತು, ನಿನ್ನ ಹಾಗೆ ಬೆಳ್ಳಗಾಗುತ್ತಾಳೆ ಎಂದು ಹಿಗ್ಗಿದೆ, ನೋಡು ನನ್ನ ಬುದ್ಧಿ! ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಸುಸ್ತಾಗಿ ಎದೆಯ ಮೇಲೇ ನಿದ್ದೆ ಹೋಗುತ್ತಿದ್ದಳು. ಕೆಳಗಿನ ಹಾಲಿನಂಗಡಿಯಾಕೆ ‘ನಿನ್ನ ಹಾಲು ನೀರಾಗಿದೆ ಕಣೇ, ದನದ ಹಾಲು ಶುರು ಮಾಡು’ ಎಂದಳು. ಅವಳ ವ್ಯಾಪಾರವೇ ಹಾಲು, ಬೇರೆ ಏನು ಹೇಳಿಯಾಳು? ಆದರೂ ಆ ಮಾತು ನನ್ನನ್ನು ಎರಡು ದಿನ ಅಳಿಸಿತು. ಮೂರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋದೆವು. ಪುಟ್ಟಿಯ ಬೆರಳು ಚುಚ್ಚಿದರು, ಹಿಮೋಗ್ಲೋಬಿನ್ ಎಂಟೂ ಮುಕ್ಕಾಲು ಬಂತು. ಹನ್ನೊಂದಾದರೂ ಇರಬೇಕಂತೆ. ಆಮೇಲೆ ನನ್ನ ಕೈ ಹಿಡಿದರು. ನನಗ್ಯಾಕೆ ಎಂದೆ. ‘ಬೇರು ನೋಡದೆ ಗಿಡಕ್ಕೆ ಔಷಧಿ ಹೊಡೀಲಾ?’ ಎಂದು ಚುಚ್ಚಿಯೇಬಿಟ್ಟರು.

ಹಾಲಿನದೇನೂ ತಪ್ಪಿಲ್ಲವಂತೆ ಅಮ್ಮ. ಯಾವ ತಾಯಿಯ ಹಾಲಿನಲ್ಲೂ ಕಬ್ಬಿಣದ ಅಂಶ ಅಷ್ಟಕ್ಕಷ್ಟೆ. ಮಗು ಹೊಟ್ಟೆಯಲ್ಲಿದ್ದಾಗಲೇ ತನಗೆ ಬೇಕಾದ್ದನ್ನು ಗಂಟು ಕಟ್ಟಿಕೊಂಡು ಬರುತ್ತದೆ, ಹೆಚ್ಚುಕಡಿಮೆ ಆರು ತಿಂಗಳು ಅದರಲ್ಲೇ ಕಳೆಯುತ್ತದೆ. ತಾಯಿಯ ಮೈಯಲ್ಲಿ ರಕ್ತ ತೀರಾ ಕಡಿಮೆಯಿದ್ದರೆ ಆ ಗಂಟು ಚಿಕ್ಕದಾಗಬಹುದು. ‘ಬಸುರಿಯಿದ್ದಾಗ ಕಬ್ಬಿಣದ ಗುಳಿಗೆ ತಗೊಂಡ್ಯೇನಮ್ಮ?’ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಮರೆಯಬಾರದೆಂದು ಗುಳಿಗೆಯನ್ನು ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಪಕ್ಕ ಇಟ್ಟಿದ್ದೆ. ಹನ್ನೊಂದಕ್ಕೆ ಅಂಗಡಿಗೆಲ್ಲ ಚಹಾ ಬರುತ್ತದಲ್ಲ, ಮೊದಲ ಗುಟುಕಿನ ಜೊತೆ ನುಂಗುತ್ತಿದ್ದೆ. ಆರು ತಿಂಗಳು, ಗಡಿಯಾರದ ಹಾಗೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ! ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನಿದ್ದಿದ್ದರೆ ಬೆಳಿಗ್ಗೆ ಎಬ್ಬಿಸಿ, ಬಾಯಿ ತೆಗೆಸಿ, ನೀರಿನ ಲೋಟ ಹಿಡಿದು ನಿಂತಿರುತ್ತಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ.

ಈಗ ಪುಟ್ಟಿಗೆ ದಿನವೂ ಔಷಧಿಯ ಹನಿ, ಎದೆಹಾಲಿನ ಜೊತೆಗೆ ಬೇಯಿಸಿ ನುಣ್ಣಗೆ ಕಿವುಚಿದ ಬೇಳೆ, ಸೊಪ್ಪು, ಮೊಟ್ಟೆ. ಮೊದಲ ವಾರ ಕಪ್ಪಗೆ ಕಕ್ಕ ಮಾಡಿದಳು. ಇವರು ಬಸ್ಸು ಓಡಿಸುವಾಗ ಯಾವ ತಿರುವಿಗೂ ಹೆದರದವರು, ಆ ಬಟ್ಟೆ ನೋಡಿ ಬೆವರಿ ಆಸ್ಪತ್ರೆಗೆ ಫೋನು ಮಾಡಿದರು. ಔಷಧಿಯಿಂದ ಹಾಗಾಗುತ್ತದೆ ಎಂದು ನರ್ಸು ನಕ್ಕಳಂತೆ. ಬೇಳೆಯನ್ನು ಪುಟ್ಟಿ ಅಪ್ಪನ ಸಮವಸ್ತ್ರದ ಮೇಲೆಯೇ ಉಗುಳುತ್ತಾಳೆ, ಬೇರೆ ಜಾಗ ಹಿಡಿಸುವುದಿಲ್ಲ. ಮೊನ್ನೆ ಮತ್ತೆ ಚುಚ್ಚಿದರು. ಹನ್ನೊಂದೂ ಕಾಲು! ಕೆನ್ನೆಗೆ ಬಣ್ಣ ಬಂದಿದೆ, ಗಟ್ಟಿಯಾಗಿ ಕಿರುಚುತ್ತಾಳೆ, ಹಾಲು ಕುಡಿಯುವಾಗ ಕಚ್ಚುತ್ತಾಳೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಈ ಸುದ್ದಿ ಹೇಳಲು ಪಕ್ಕಕ್ಕೆ ತಿರುಗಿದೆ ಅಮ್ಮ. ಪಕ್ಕದಲ್ಲಿ ಯಾರೋ ಮುದುಕರು ತಮ್ಮ ಚೀಟಿ ಹಿಡಿದು ಕುಳಿತಿದ್ದರು. ಅವರಿಗೇ ಹೇಳಿದೆ.

ಸಹಿಯ ವಿಷಯಕ್ಕೆ ಬಂದರೆ, ನಿನಗೆ ಹೇಗೆ ಸರಿಯೋ ಹಾಗೆ ಮಾಡು. ನಾವು ನಿಭಾಯಿಸುತ್ತೇವೆ. ಪುಟ್ಟಿಯ ಚಿಂತೆ ಈಗಿಲ್ಲ. ಅವಳು ಶಾಲೆಗೆ ಹೋಗುವ ಮೊದಲಾದರೂ ನಿನ್ನ ಮುಖ ನೋಡಿದರೆ ಸಾಕು.

ಇವರು ನಮಸ್ಕಾರ ತಿಳಿಸಿದ್ದಾರೆ. ಬೆಳಿಗ್ಗೆ ಮನೆಯಲ್ಲಿ ಹಾಳೆ ತೆಗೆದಿಡುವಾಗ ನಿನ್ನ ಮೊಮ್ಮಗಳು ಕೊಟ್ಟ ಎಂಜಲು ಮುತ್ತೊಂದು ಇದರ ಮೂಲೆಯಲ್ಲಿದೆ, ಒರೆಸಿಲ್ಲ.

ನಿನ್ನ ಕಾಲಿಗೆ ಬೀಳುತ್ತಾ,
ನಿನ್ನ ಮಗಳು

ಮರೆತದ್ದು: ಕಟಿಂಗ್ ಮಾಸ್ಟರು ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದೂ ಅಲ್ಲ. ಪುಟ್ಟಿಯ ಅಂಕಿ ಬರೆದೆ, ನನ್ನದು ಬರೆಯಲಿಲ್ಲ. ಆಗ ಎಂಟಿತ್ತು, ಈಗ ಏಳೂವರೆ. ಡಾಕ್ಟರಮ್ಮ ಆಗ ನನಗೂ ಕೊಟ್ಟಿದ್ದ ಗುಳಿಗೆ ನುಂಗಿದರೆ ಹೊಟ್ಟೆ ಹಿಂಡುತ್ತದೆ ಎಂದು ಬಿಟ್ಟುಬಿಟ್ಟಿದ್ದೆ, ಇವರಿಗೂ ಹೇಳಿಲ್ಲ. ಅವಳ ಹನಿಯನ್ನು ಎಲ್ಲರೂ ನೆನಪಿಸುತ್ತಾರೆ, ನನ್ನನ್ನು ಕೇಳುವವರಿಲ್ಲ. ನಿನ್ನೆ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ನಡುವೆಯೇ ಕುಸಿದು ಕುಳಿತೆ. ಅವಳನ್ನು ಬಿಡಲಿಲ್ಲ. ಇಂದಿನಿಂದ ಮತ್ತೆ ನುಂಗುತ್ತೇನೆ, ಆಣೆ. ನಿಭಾಯಿಸುತ್ತೇವೆ ಎಂದದ್ದು ಸುಳ್ಳು. ಸಹಿ ಹಾಕಬೇಡಮ್ಮ. ಪುಟ್ಟಿಗೆ ನಾನಿದ್ದೇನೆ. ನೀನು ನನಗೋಸ್ಕರ ಬಾ.